ನನ್ನ ಅಜ್ಜಿ ಮಾಡಿದ ಪಾಪವಾದರೂ ಯಾವುದು?

ಕೋಟೆ ನೆರಳು, ಬಳ್ಳಾರಿ

ಶುಭ ಶುಕ್ರವಾರ (ಗುಡ್ ಫ್ರೈಡೆ) ಮಧ್ಯಾಹ್ನ 12ರಿಂದ 3ರವರೆಗಿನ ಆರಾಧನೆಗೆ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆ. ಅಜ್ಜಿಗೆ 82 ವರ್ಷ, ಮೊಣಕಾಲು ಮಡಚುವುದಿಲ್ಲ. ಆಟೊದಿಂದ ಇಳಿಸಲು ಇನ್ನೊಂದು ಕೈ ಬೇಕಿತ್ತು ಎಂದು ಪಕ್ಕದ ಮನೆಯ ಗೆಳೆಯನನ್ನು ಜೊತೆಗೆ ಕರೆದೆ. ಅವನದು ಲಿಂಗಾಯತ ಮನೆತನ. ಇಳಿಸಿ ಹೋಗುತ್ತಾನೆ ಎಂದುಕೊಂಡಿದ್ದೆ. ಹೊರಗಿನ ಬಿಸಿಲು ನೋಡಿ ಹಿಂದಿನ ಬೆಂಚಿನಲ್ಲಿ ಫ್ಯಾನಿನ ಕೆಳಗೆ ಕುಳಿತವನು ಮೂರು ತಾಸೂ ಏಳಲಿಲ್ಲ.

ಪಾಪದ ಅರಿಕೆ ಮಾಡುವ ಹೊತ್ತಿಗೆ ಅಜ್ಜಿ ಅತ್ತಳು. ಸಭಾಪಾಲಕರು ಓದಿದಂತೆ ನಾವೆಲ್ಲ ಓದಿದೆವು, ಪುಟ ಮುಗಿಯಿತು, ತಿರುಗಿಸಿದೆವು. ಅವಳು ಮಾತ್ರ ಆ ಪುಟದಲ್ಲಿಯೇ ನಿಂತಿದ್ದಳು.

ಸಂಜೆ ಮಿರ್ಚಿ ಮಂಡಕ್ಕಿ ತಿನ್ನುತ್ತ ಗೆಳೆಯ ಕೇಳಿದ: "ನಮ್ಮ ಓಣಿಯಲ್ಲಿ ಯಾರ ಮನೆಯ ಹೆರಿಗೆಯಾದರೂ ನಡುರಾತ್ರಿ ಎದ್ದು ಬರುತ್ತಿದ್ದವರು ನಿಮ್ಮ ಅಜ್ಜಿ. ನಾನು ಹುಟ್ಟಿದಾಗ ಹೊಕ್ಕುಳ ಬಳ್ಳಿ ಕತ್ತರಿಸಿದವರೂ ಅವರೇ. ಅವರು ಪಾಪಿ ಎಂದು ಅಳುತ್ತಾರೆ. ಇತ್ತ ಗುಡ್ಡಗಳನ್ನೇ ಅಗೆದು ಮಾರಿಕೊಂಡವರು ಎದೆಯುಬ್ಬಿಸಿ ತಿರುಗುತ್ತಾರೆ. ಇದೆಂಥ ಲೆಕ್ಕವೋ ನಿಮ್ಮದು?"

ನಾನು ಹುಟ್ಟಿದಂದಿನಿಂದ ಕ್ರೈಸ್ತ. ಭಾನುವಾರದ ಶಾಲೆಯಲ್ಲಿ ಬಹುಮಾನ ಬೇರೆ ಪಡೆದವನು. ಬಾಯಲ್ಲಿ ಮಂಡಕ್ಕಿ ಇದೆ ಎಂಬ ನೆಪದಲ್ಲಿ ಸುಮ್ಮನಿದ್ದೆ. ಈ ವೇದಿಕೆಯಲ್ಲಿ ತಿಳಿದವರು ಹೇಳಿ. ದಯವಿಟ್ಟು ಪ್ರಸಂಗ (ಉಪದೇಶ) ಮಾಡಬೇಡಿ.


ಹಳೆಯ ಮಾಸ್ತರ, ರಾಯಚೂರು

ತಮ್ಮಾ, ನಿನ್ನ ಗೆಳೆಯ ಪಾಪಗಳನ್ನು ಎಣಿಸುತ್ತಿದ್ದಾನೆ. ಅಜ್ಜಿ ಎಣಿಸುತ್ತಿಲ್ಲ, ಅಳತೆಗೆ ನಿಂತಿದ್ದಾಳೆ. ಎರಡೂ ಬೇರೆ ಬೇರೆ ಕೆಲಸ.

ಹೊಸ ಒಡಂಬಡಿಕೆಯಲ್ಲಿ ಪಾಪಕ್ಕೆ ಹೆಚ್ಚಾಗಿ ಬರುವ ಗ್ರೀಕ್ ಪದ ಹಮಾರ್ತಿಯಾ. ಅದರ ಬೇರು ಬಾಣ ಗುರಿ ತಪ್ಪುವುದಕ್ಕೆ ಹೇಳುವ ಮಾತು. ಹೀಬ್ರೂ ಪದದ ಒಳಗೂ ಅದೇ ಅರ್ಥವಿದೆ. ಒಂದು ಅಂಗುಲ ತಪ್ಪಿದ ಬಾಣವೂ ತಪ್ಪಿದ್ದೇ, ಹಿಂದಿದ್ದ ಆಕಳಿಗೆ ನೆಟ್ಟ ಬಾಣವೂ ತಪ್ಪಿದ್ದೇ. ಆದರೆ ಆಕಳ ಯಜಮಾನ ಇವೆರಡೂ ಒಂದೇ ಎಂದರೆ ಒಪ್ಪುತ್ತಾನೆಯೇ? ಒಪ್ಪುವುದಿಲ್ಲ, ಒಪ್ಪಲೂಬಾರದು. ಎಲ್ಲರೂ ಪಾಪಮಾಡಿದ್ದಾರೆ ಎಂದು ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದದ್ದು ಎಲ್ಲರ ಪಾಪವೂ ಒಂದೇ ತೂಕದ್ದು ಎಂದು ಹೇಳುವುದಕ್ಕಲ್ಲ. ಯೆಹೂದ್ಯರು, ಅನ್ಯಜನರು ಎಂದು ಎರಡು ಪಂಕ್ತಿ ಮಾಡಿಕೊಂಡು ಕುಳಿತಿದ್ದವರಿಗೆ ಊಟ ಒಂದೇ ಪಂಕ್ತಿಯಲ್ಲಿ ಎಂದು ಹೇಳಿದ ಮಾತು ಅದು. ನಮ್ಮ ಕಡೆಯ ಪ್ರಸಂಗಗಳಲ್ಲಿ ಈ ವ್ಯತ್ಯಾಸ ಕಳೆದುಹೋಗಿದೆ. ಕೇಳುವವರಿಗೆ ಸಿಟ್ಟು ಬರುವುದು ಸಹಜ.

ಇನ್ನೊಂದು ತೊಡಕು ಪದದ್ದು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು ನೆಲೆಸಿದ್ದು ನಿಮ್ಮ ಬಳ್ಳಾರಿಯಲ್ಲಿ. ಕನ್ನಡ ಬೈಬಲಿನ ಮೊದಲ ಅನುವಾದ ಬೆಳೆದದ್ದು ಅಲ್ಲಿ. ಅವರ ಜೊತೆಗಿದ್ದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟು, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದರು. ಅವರಿಗೆ ಸಿಕ್ಕಿದ್ದು ಪಾಪ ಎನ್ನುವ ಪದ. ಅದು ಆಗಲೇ ಪುಣ್ಯದ ಜೋಡಿಯಾಗಿ, ಜನ್ಮ ಜನ್ಮದ ಖಾತೆ ಪುಸ್ತಕದಲ್ಲಿ ಕುಳಿತಿದ್ದ ಪದ. ಈ ಕಡೆ ಇಷ್ಟು ಪಾಪ, ಆ ಕಡೆ ಇಷ್ಟು ಪುಣ್ಯ, ಕಳೆದರೆ ಉಳಿದದ್ದು ಇಷ್ಟು. ಗೆಳೆಯ ಆ ಖಾತೆ ತೆರೆದು ನೋಡಿದ್ದಾನೆ, ಅಜ್ಜಿಯ ಪುಣ್ಯದ ಕಡೆ ತುಂಬಿ ತುಳುಕುತ್ತಿದೆ. ಬೈಬಲ್ ಹೇಳುವ ಪಾಪ ಖಾತೆಗಿಂತ ಹೆಚ್ಚಾಗಿ ನಂಟಿನ ವಿಷಯ. ಯೇಸು ಹೇಳಿದ ಕಥೆಯಲ್ಲಿ ಮಗ ಮನೆ ಬಿಟ್ಟು ಹೋದ. ಎಷ್ಟು ದೂರ ಹೋದ ಎಂಬ ಲೆಕ್ಕ ಆಮೇಲಿನದು.


ಗಂಗಾವತಿಯ ಪ್ರಶ್ನೆ

ಮಾಸ್ತರೇ, ಪಂಕ್ತಿಯ ಮಾತು ಚೆನ್ನಾಗಿದೆ. ಆದರೆ ಮೂಲ ಪಾಪದ ಮಾತನ್ನು ಜಾಣತನದಿಂದ ದಾಟಿಬಿಟ್ಟಿರಿ. ನಾಲ್ಕನೆಯ ಶತಮಾನದ ಕೊನೆಗೆ ಬರೆಯಲು ಕುಳಿತ ಕ್ರೈಸ್ತ ದೈವಶಾಸ್ತ್ರಜ್ಞ ಅಗಸ್ಟೀನ್ ಹಸುಗೂಸಿನಲ್ಲಿಯೂ ಮೊದಲ ಮನುಷ್ಯ ಆದಾಮನ ಅಪರಾಧ ಇದೆ ಎಂದರು. ನಾವು ಕನ್ನಡಿಗರು ಎಳೆಯ ಕೂಸನ್ನು "ಪಾಪು" ಎಂದು ಕರೆಯುತ್ತೇವೆ. ಅವರು ಅದನ್ನು ಅಕ್ಷರಶಃ ತೆಗೆದುಕೊಂಡರೋ ಏನೋ.

ನಗುವ ಮಾತು ಪಕ್ಕಕ್ಕಿರಲಿ. ತಾತ ಮಾಡಿದ ಸಾಲಕ್ಕೆ ಮೊಮ್ಮಗ ಗೌಡರ ಮನೆಯಲ್ಲಿ ಜೀತಕ್ಕಿರುವುದು ಎಂದರೆ ಏನೆಂದು ನಮ್ಮ ಜಿಲ್ಲೆಗಳ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಲದ ಚೀಟಿಯನ್ನು ನೋಡಿದವರಿಲ್ಲ, ಓದಲು ಬಂದವರಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿತ್ತು. 1976ರಲ್ಲಿ ಕಾನೂನು ಬಂದು ಅದನ್ನು ನಿಷೇಧಿಸಿತು. ಭಾರತ ಸರ್ಕಾರ ಬಿಟ್ಟ ಸಾಲವನ್ನು ನಿಮ್ಮ ದೇವರು ಇನ್ನೂ ವಸೂಲು ಮಾಡುತ್ತಿದ್ದಾನೆಯೇ?


ಮುದಗಲ್ಲಿನ ಮಗಳು

ಗಂಗಾವತಿ ಅಣ್ಣ, ಜೀತದ ಮಾತು ನನಗೆ ನಾಟಿತು. ನಮ್ಮ ತಂದೆಯ ಕಡೆ ಆ ಕಥೆ ಇದೆ.

ನಾವು ಕಥೋಲಿಕರು. ಆದಿಲ್‌ಶಾಹಿಗಳ ಕಾಲದಲ್ಲಿ ಗೋವೆಯಿಂದ ಬಂದ ಯೇಸುಸಭೆಯ (ಜೆಸ್ವಿಟ್) ಗುರುಗಳಿಂದ ನಮ್ಮೂರಿನಲ್ಲಿ ಈ ವಿಶ್ವಾಸ ನೆಲೆಯೂರಿತು. ಅಷ್ಟು ತಲೆಮಾರಿನಿಂದ ಮೂಲ ಪಾಪದ ಪಾಠ ಕೇಳಿದ್ದೇವೆ. ಆದರೆ 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥವೇ ಏನೆನ್ನುತ್ತದೆ ಎಂದರೆ, ಮೂಲ ಪಾಪ ಎನ್ನುವಲ್ಲಿ ಪಾಪ ಎಂಬ ಪದವನ್ನು ಹೋಲಿಕೆಯ ಅರ್ಥದಲ್ಲಿ ಮಾತ್ರ ಬಳಸಲಾಗಿದೆ. ಅದು ನಾವು ಮಾಡಿದ್ದಲ್ಲ, ನಮಗೆ ತಗುಲಿದ್ದು. ಸ್ಥಿತಿ, ಕೃತ್ಯವಲ್ಲ. ಜ್ಞಾನಸ್ನಾನ (ಕ್ರೈಸ್ತ ದೀಕ್ಷೆಯ ಸ್ನಾನ) ಆಗದೆ ತೀರಿಕೊಂಡ ಕೂಸುಗಳಿಗೆ ರಕ್ಷಣೆಯ ಭರವಸೆ ಇಟ್ಟುಕೊಳ್ಳಲು ಕಾರಣಗಳಿವೆ ಎಂದು ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ 2007ರಲ್ಲಿ ಬರೆಯಿತು. ಕೂಸು ಕಳೆದುಕೊಂಡ ತಾಯಂದಿರು ಎಷ್ಟು ಶತಮಾನ ಕಾಯಬೇಕಾಯಿತು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಅದು ನಮ್ಮವರ ತಪ್ಪೇ.

ಪೂರ್ವದ ಆರ್ಥೊಡಾಕ್ಸ್ ಸಭೆಗಳು ಮೊದಲಿನಿಂದಲೂ ಬೇರೆ ಹೇಳಿದವು. ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ಕೆಡುವ ಒಲವು, ಅವನ ಅಪರಾಧದ ಹೊಣೆಯಲ್ಲ. ನೀವು ಹೇಳಿದ ಸಾಲದ ಚೀಟಿಯನ್ನು ಹರಿದು ಹಾಕಿದ ಪ್ರವಾದಿಯೂ ಇದ್ದಾನೆ. ಅಪ್ಪ ಹುಳಿ ದ್ರಾಕ್ಷಿ ತಿಂದರೆ ಮಗನ ಹಲ್ಲು ಚಳಿತುಕೊಳ್ಳುತ್ತದೆ ಎಂಬ ಗಾದೆಯನ್ನು ಇನ್ನು ಮುಂದೆ ಆಡಕೂಡದು ಎಂದು ಯೆಹೆಜ್ಕೇಲನ 18ನೆಯ ಅಧ್ಯಾಯದಲ್ಲಿ ದೇವರೇ ಹೇಳುತ್ತಾನೆ.


ಹಳೆಯ ಮಾಸ್ತರ, ರಾಯಚೂರು

ನಮ್ಮ ಮೆಥೊಡಿಸ್ಟರದ್ದೂ ಒಂದು ಮಾತು ಸೇರಿಸಿಬಿಡುತ್ತೇನೆ. ನಮ್ಮ ಪಂಥಕ್ಕೆ ಮೂಲರಾದ ಜಾನ್ ವೆಸ್ಲಿ ಮನುಷ್ಯ ಕೆಟ್ಟಿದ್ದಾನೆ ಎನ್ನುವುದನ್ನು ಪೂರ್ತಿ ಒಪ್ಪಿದವರು. ಆದರೆ ಮನುಷ್ಯ ತಿರುಗಿ ನೋಡುವ ಮೊದಲೇ ಬಂದು ನಿಂತಿರುವ ಕೃಪೆಯೊಂದಿದೆ, ಅದು ಸಿಗದವರು ಯಾರೂ ಇಲ್ಲ ಎಂದರು. ತಮಾಷೆ ಏನೆಂದರೆ, 1738ರ ಮೇ 24ರಂದು ಲಂಡನ್ನಿನ ಒಂದು ಕೂಟದಲ್ಲಿ ಹೃದಯ ಬೆಚ್ಚಗಾದ ಅನುಭವ ಅವರಿಗೆ ಆದಾಗ ಅವರು ಪಾದ್ರಿಯಾಗಿ ಆಗಲೇ ಹತ್ತು ವರ್ಷವಾಗುತ್ತ ಬಂದಿತ್ತು. ಇಲ್ಲಿ ಕರೆಂಟು ಹೋಗಿದೆ, ಆಮೇಲೆ ಬರುತ್ತೇನೆ.


ಜಯಧ್ವನಿ, ಸಿರುಗುಪ್ಪ

ಇಷ್ಟೆಲ್ಲ ಪಾಂಡಿತ್ಯ ಏಕೆ? ಯೇಸುವಿನ ರಕ್ತ ಸಕಲ ಪಾಪವನ್ನು ತೊಳೆಯುತ್ತದೆ. ನಂಬಿದ ಕ್ಷಣವೇ ಹಳೆಯ ಲೆಕ್ಕವೆಲ್ಲ ಚುಕ್ತಾ. ಕೊನೆಯ ಘಳಿಗೆಯಲ್ಲಿ ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೂ ಪರದೈಸು ಸಿಕ್ಕಿತು. ನಂಬಿರಿ, ಅಷ್ಟು ಸಾಕು. ಹಲ್ಲೆಲೂಯ.


ನಡುಗಾಲುವೆ, ಸಿಂಧನೂರು ತಾಲ್ಲೂಕು

ನಾನು ಇಲ್ಲಿ ಬರೆಯುವವನಲ್ಲ, ಓದುವವನು. ಸಿರುಗುಪ್ಪದವರ "ಚುಕ್ತಾ" ಎನ್ನುವ ಮಾತು ನೋಡಿ ಸುಮ್ಮನಿರಲಾಗಲಿಲ್ಲ.

ನಮ್ಮದು ಎಡದಂಡೆ ಕಾಲುವೆಯ ನೀರಿನ ಹೊಲ. ಅಪ್ಪ ತೀರಿದ ಮೇಲೆ ಅಣ್ಣನಿಗೂ ನನಗೂ ಪಾಲಾಯಿತು, ನಡುವೆ ಒಂದು ಬದು. ಬದು ಒತ್ತುವುದು ಹೇಗೆ ಎಂದು ರೈತರಿಗೆ ಗೊತ್ತು. ಯಾರೂ ರಾತ್ರೋರಾತ್ರಿ ಎಕರೆ ಕದಿಯುವುದಿಲ್ಲ. ಪ್ರತಿ ವರ್ಷ ನೇಗಿಲು ಒಂದು ಸಾಲು ಆಚೆ ಹೋಗುತ್ತದೆ. ಕೇಳಿದರೆ ಎತ್ತು ಸರಿಯಿತು ಎನ್ನಬಹುದು. ಈಗ ಟ್ರ್ಯಾಕ್ಟರ್ ಬಂದಿದೆ, ಚಾಲಕನ ಮೇಲೆ ಹಾಕಬಹುದು. ಹನ್ನೆರಡು ವರ್ಷದಲ್ಲಿ ನನ್ನ ಗದ್ದೆ ಮನೆಯ ಅಂಗಳದಷ್ಟು ಕಡಿಮೆಯಾಯಿತು. ಗಡಿಕಲ್ಲು ಎಲ್ಲಿ ಹೋಯಿತೋ ಅಣ್ಣನಿಗೇ ಗೊತ್ತು.

ಮೂರು ವರ್ಷದ ಹಿಂದೆ ಅಣ್ಣ ಒಂದು ಪ್ರಾರ್ಥನಾ ಮಂದಿರಕ್ಕೆ ಹೋಗತೊಡಗಿದ. ಕುಡಿತ ಬಿಟ್ಟ. ಅತ್ತಿಗೆಗೆ ಹೊಡೆಯುವುದನ್ನು ಬಿಟ್ಟ. ಅದು ಸಣ್ಣ ಮಾತಲ್ಲ, ನಾನು ಸುಳ್ಳು ಹೇಳಲಾರೆ. ಅವನು ದೀಕ್ಷಾಸ್ನಾನ ತೆಗೆದುಕೊಂಡ ದಿನ ನನ್ನನ್ನೂ ಕರೆದ, ಹೋದೆ. ಅಲ್ಲಿ ನಿಂತು ಸಾಕ್ಷಿ ಹೇಳಿದ: "ನಾನು ದೊಡ್ಡ ಪಾಪಿಯಾಗಿದ್ದೆ, ಇವತ್ತು ನನ್ನ ಪಾಪವೆಲ್ಲ ಕ್ಷಮೆಯಾಗಿದೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದವರು ನೋಡುತ್ತಿದ್ದರು ಎಂದು ನಾನೂ ತಟ್ಟಿದೆ.

ಮರುದಿನ ಗದ್ದೆಗೆ ಹೋದೆ. ಬದು ಇದ್ದಲ್ಲಿಯೇ ಇತ್ತು.

ಕ್ಷಮಿಸಿದವರು ಯಾರು? ನನ್ನನ್ನು ಯಾರೂ ಕೇಳಲಿಲ್ಲವಲ್ಲ?


ಕೊಪ್ಪಳದ ವಕೀಲ

ಸಿಂಧನೂರಿನ ಯಜಮಾನರು ಕೇಳಿದ್ದು ಕಾನೂನಿನ ಪ್ರಶ್ನೆಯೂ ಹೌದು. ಇಪ್ಪತ್ತು ವರ್ಷದಿಂದ ಭೂವ್ಯಾಜ್ಯ ನಡೆಸುತ್ತಿರುವವನು ನಾನು, ಕ್ರೈಸ್ತನಲ್ಲ. ಆದರೂ ಈ ಒಂದು ಪದದ ಬಗ್ಗೆ ಹೇಳುವುದಿದೆ.

ನಮ್ಮಲ್ಲಿ ಮೂರು ಪದಗಳು ಓಡಾಡುತ್ತವೆ. ರಾಜಿ ಎಂದರೆ ಇಬ್ಬರೂ ಒಂದಿಷ್ಟು ಬಿಟ್ಟುಕೊಡುವುದು. ಲೋಕ ಅದಾಲತ್‌ನಲ್ಲಿ ಸಹಿ ಹಾಕಿದರೆ ಅದೇ ಡಿಕ್ರಿ, ಮೇಲ್ಮನವಿ ಇಲ್ಲ, ಕಟ್ಟಿದ ಶುಲ್ಕವೂ ವಾಪಸ್ಸು. ಸಹಿ ಹಾಕಿ ಹೊರಗೆ ಬಂದ ಅಣ್ಣ ತಮ್ಮಂದಿರು ಬೇರೆ ಬೇರೆ ಅಂಗಡಿಯಲ್ಲಿ ಚಹಾ ಕುಡಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಸಂಧಾನ ಎಂದರೆ ನಡುವೆ ಒಬ್ಬ ಓಡಾಡಬೇಕು. ಕೃಷ್ಣನೇ ಹೋದರೂ ಐದು ಊರು ಸಿಗಲಿಲ್ಲ. ಸಮಾಧಾನ ಎಂದರೆ ನಮಗೆ ಮನಸ್ಸು ತಣ್ಣಗಾಗುವುದು, ಅಳುವ ಮಗುವಿಗೆ ಮಾಡುವುದು. ನಿಮ್ಮ ಕನ್ನಡ ಬೈಬಲ್ ಈ ಮೂರರಲ್ಲಿ ಸಮಾಧಾನವನ್ನು ಆರಿಸಿಕೊಂಡಿದೆ ಎಂದು ಕೇಳಿ ನನಗೆ ಆಶ್ಚರ್ಯವಾಗಿತ್ತು.

ಅಪರಾಧ ಪ್ರಕರಣಗಳಲ್ಲಿ ಯಾವುದಕ್ಕೆ ರಾಜಿ ಉಂಟು, ಯಾವುದಕ್ಕಿಲ್ಲ ಎನ್ನುವ ಪಟ್ಟಿ ಇದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 320ನೆಯ ಕಲಮು, ಈಗ ನಾಗರಿಕ ಸುರಕ್ಷಾ ಸಂಹಿತೆಯ 359. ರಾಜಿಯಾಗುವ ಹಕ್ಕು ನೊಂದವರದ್ದು ಎಂಬುದು ಅದರ ಜೀವಾಳ. ಪೆಟ್ಟು ತಿಂದವನು ಒಪ್ಪಬೇಕು. ಮೂರನೆಯವನು ಬಂದು "ನಾನು ಕ್ಷಮಿಸಿದ್ದೇನೆ, ಕೇಸು ಮುಚ್ಚಿ" ಎಂದರೆ ನ್ಯಾಯಾಧೀಶರು ನಗುತ್ತಾರೆ. ಕೊಲೆಗಂತೂ ರಾಜಿಯೇ ಇಲ್ಲ.

ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬ 51ನೆಯ ಕೀರ್ತನೆಯನ್ನು ಓದಲು ಕೊಟ್ಟಿದ್ದ. ದಾವೀದ ರಾಜ ಬತ್ಷೆಬೆಯನ್ನು ಕರೆಸಿಕೊಂಡ, ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ಕಳುಹಿಸಿ ಸಾಯಿಸಿದ, ಆಮೇಲೆ ದೇವರಿಗೆ ಹೇಳುತ್ತಾನೆ: ನಿನಗೆ, ನಿನಗೊಬ್ಬನಿಗೇ ನಾನು ತಪ್ಪು ಮಾಡಿದ್ದೇನೆ. ಊರೀಯನ ಹೆಸರೇ ಇಲ್ಲ! ಪುಸ್ತಕ ಮುಚ್ಚಿ ವಾಪಸ್ಸು ಕೊಟ್ಟೆ. ಈ ದಿನವೂ ನನ್ನ ತಕರಾರು ಅದೇ. ಕರೆಂಟು ಬಂದ ಮೇಲೆ ಮಾಸ್ತರರು ಉತ್ತರಿಸಲಿ.


ಮಸ್ಕಿ ಹುಡುಗ

ಪಶ್ಚಾತ್ತಾಪ ಎಂದರೆ ನಮ್ಮೂರಿನ ಅಶೋಕನ ಶಾಸನ ನೋಡಿ. ಕಳಿಂಗದಲ್ಲಿ ಸತ್ತವರಿಗಾಗಿ ಅತ್ತು ಕಲ್ಲಿನಲ್ಲಿ ಬರೆಸಿದ.


ಕೊಪ್ಪಳದ ವಕೀಲ

ತಮ್ಮಾ, ಸ್ವಲ್ಪ ತಪ್ಪಿದೆ. ಮಸ್ಕಿಯದು ಕಿರು ಶಾಸನ, 1915ರಲ್ಲಿ ಸಿಕ್ಕಿತು, ಅಶೋಕ ಎಂಬ ಹೆಸರೇ ಇರುವುದರಿಂದ ಪ್ರಸಿದ್ಧವಾಯಿತು. ನಮ್ಮ ಗವಿಮಠದ ಬೆಟ್ಟದ್ದೂ ಕಿರು ಶಾಸನವೇ. ಕಳಿಂಗದ ಪಶ್ಚಾತ್ತಾಪ ಇರುವುದು ಹದಿಮೂರನೆಯ ಬಂಡೆ ಶಾಸನದಲ್ಲಿ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸಾಗಿಸಲಾಯಿತು ಎಂದು ಅದರಲ್ಲಿದೆ. ಸಾಗಿಸಿದವರನ್ನು ಮರಳಿ ಊರಿಗೆ ಕಳುಹಿಸಿದ ಮಾತು ಅದರಲ್ಲಿಲ್ಲ. ಇನ್ನೂ ವಿಚಿತ್ರವೆಂದರೆ, ಕಳಿಂಗದೊಳಗಿನ ಧೌಲಿ ಮತ್ತು ಜೌಗಡದಲ್ಲಿ ಈ ಹದಿಮೂರನೆಯ ಶಾಸನವನ್ನು ಕೊರೆಸಿಯೇ ಇಲ್ಲ. ಅದನ್ನು ಬಿಟ್ಟು ಬೇರೆ ಶಾಸನ ಹಾಕಿಸಿದ. ದೂರದ ಊರುಗಳಿಗೆಲ್ಲ ತನ್ನ ದುಃಖ ಹೇಳಿಕೊಂಡವನು ನೊಂದವರ ಮುಂದೆ ಆ ಮಾತು ಎತ್ತಲಿಲ್ಲ. ಸಿಂಧನೂರಿನ ಅಣ್ಣನೂ ಸಾಕ್ಷಿ ಹೇಳಿದ್ದು ಮಂದಿರದಲ್ಲಿ, ಬದುವಿನ ಮೇಲಲ್ಲ.


ಹಳೆಯ ಮಾಸ್ತರ, ರಾಯಚೂರು

ವಕೀಲರೇ, ಕರೆಂಟು ನಿನ್ನೆಯೇ ಬಂದಿತು. ಉತ್ತರ ಬರಲಿಲ್ಲ. ರಾತ್ರಿಯೆಲ್ಲ ಯೋಚಿಸಿ ಬರೆಯುತ್ತಿದ್ದೇನೆ.

ಮೊದಲು ಬದುವಿನ ಮಾತು. ಸಿರುಗುಪ್ಪದ ತಮ್ಮ ನಂಬಿಕೆ ಸಾಕು ಎಂದ. ಅದೇ ಬೈಬಲಿನ ಯಾಜಕಕಾಂಡದ 6ನೆಯ ಅಧ್ಯಾಯ ತೆಗೆದು ನೋಡಲಿ. ನೆರೆಯವನಿಗೆ ಮೋಸ ಮಾಡಿ ಏನಾದರೂ ಕಸಿದುಕೊಂಡವನು ಮೊದಲು ಅದನ್ನು ಪೂರ್ತಿ ಹಿಂತಿರುಗಿಸಬೇಕು, ಮೇಲೆ ಐದನೆಯ ಒಂದು ಪಾಲು ಸೇರಿಸಬೇಕು, ಕೊಡಬೇಕಾದದ್ದು ಕಳೆದುಕೊಂಡವನ ಕೈಗೆ. ಪ್ರಾಯಶ್ಚಿತ್ತದ ಟಗರು ಯಾಜಕನ ಬಳಿಗೆ ಹೋಗುವುದು ಅದರ ಜೊತೆಗೆ. ಟಗರನ್ನು ಮಾತ್ರ ಹೊಡೆದುಕೊಂಡು ಬಂದರೆ ಸಾಲದು. ನೆರೆಯವನ ಗಡಿಕಲ್ಲನ್ನು ಸರಿಸಿದವನಿಗೆ ಶಾಪ ಎಂದು ಧರ್ಮೋಪದೇಶಕಾಂಡದ 27ರಲ್ಲಿ ನೇರವಾಗಿಯೇ ಇದೆ, ಜನರೆಲ್ಲ ಆಮೆನ್ ಎನ್ನಬೇಕು. ಚಪ್ಪಾಳೆಯಲ್ಲ. ದೇವರಿಗೂ ಮನುಷ್ಯನಿಗೂ ನಡುವಿನ ಪಾಪವನ್ನು ಪ್ರಾಯಶ್ಚಿತ್ತದ ದಿನ ಕಳೆಯುತ್ತದೆ, ಮನುಷ್ಯ ಮನುಷ್ಯರ ನಡುವಿನದ್ದನ್ನು ನೆರೆಯವನನ್ನು ಒಲಿಸಿಕೊಳ್ಳುವವರೆಗೆ ಅದು ಕಳೆಯದು ಎಂದು ಯೆಹೂದ್ಯರ ಧರ್ಮನಿಯಮಗಳ ಗ್ರಂಥ ಮಿಶ್ನಾ ವಿಧಿಸಿತು. ಯೇಸು ಹೇಳಿದ್ದೂ ಇದೇ ದಾರಿಯದು. ಕಾಣಿಕೆ ತಂದು ಯಜ್ಞವೇದಿಯ ಮುಂದೆ ನಿಂತಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗು. ಗಲಿಲಾಯದವನಿಗೆ ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ಹೋಗಿ ಬರುವುದೆಂದರೆ ವಾರದ ನಡಿಗೆ. ನಾವು ಪಕ್ಕದ ಬೆಂಚಿನವರ ಕೈ ಕುಲುಕಿ ಮುಗಿಸುತ್ತೇವೆ.

ಊರೀಯನ ವಿಷಯ. ಕೀರ್ತನೆಯಲ್ಲಿ ಅವನ ಹೆಸರಿಲ್ಲ ಎನ್ನುವುದು ನಿಜ. ಆದರೆ ನಾತಾನ ಪ್ರವಾದಿ ದಾವೀದನ ಮುಂದೆ ನಿಂತಾಗ ಊರೀಯನ ಹೆಸರನ್ನು ಹಿಡಿದೇ ಕೇಳುತ್ತಾನೆ. ಒಂದೇ ಕುರಿಮರಿಯಿದ್ದ ಬಡವನ ಕಥೆ ಕೇಳಿ ದಾವೀದ ರೇಗಿ, ಕದ್ದವನು ನಾಲ್ಕರಷ್ಟು ಕೊಡಲಿ ಎನ್ನುತ್ತಾನೆ. ಕುರಿಗೆ ನಾಲ್ಕು ಎಂಬುದು ವಿಮೋಚನಕಾಂಡದ ನಿಯಮ. ಸತ್ತ ಊರೀಯನಿಗೆ ನಾಲ್ಕರಷ್ಟು ಕೊಡುವುದು ಹೇಗೆ? ನಿಮ್ಮ ಮಾತಿನಲ್ಲಿ ಹೇಳುವುದಾದರೆ, ರಾಜಿಯಾಗಬೇಕಾದವನೇ ಇಲ್ಲ. "ನಿನಗೊಬ್ಬನಿಗೇ" ಎನ್ನುವುದು ಜಾರಿಕೊಳ್ಳುವ ಮಾತು ಎಂದು ನೀವು ಓದಿದಿರಿ. ಕೇಳುವುದಕ್ಕೆ ಇನ್ನು ಯಾರೂ ಉಳಿದಿಲ್ಲದವನ ಮಾತು ಎಂದು ನಾನು ಓದುತ್ತೇನೆ. ನಾನು ಓದಿದ್ದೇ ಸರಿ ಎಂದು ಪಟ್ಟು ಹಿಡಿಯುವುದಿಲ್ಲ.

ಸಮಾಧಾನದ ಮೂಲ ಪದ ಕತಲ್ಲಾಗೆ. ಅದರ ಬೇರಿನಲ್ಲಿ ವಿನಿಮಯದ ಅರ್ಥವಿದೆ, ನಾಣ್ಯ ಬದಲಾಯಿಸಿಕೊಳ್ಳುವುದಕ್ಕೂ ಅದನ್ನೇ ಬಳಸುತ್ತಿದ್ದರು. ಪೌಲ ಎಲ್ಲಿಯೂ ದೇವರನ್ನು ರಾಜಿಗೆ ಒಪ್ಪಿಸಲಾಯಿತು ಎಂದು ಬರೆಯುವುದಿಲ್ಲ. ಅವನ ವಾಕ್ಯದಲ್ಲಿ ದೇವರು ಯಾವಾಗಲೂ ಕರ್ತೃ, ನಾವು ಕರ್ಮ. ವ್ಯಾಕರಣ ಕಲಿಸಿದ ಮುದುಕನಿಗೆ ಇದು ಮುಖ್ಯವಾಗಿ ಕಾಣುತ್ತದೆ. ತಪ್ಪಿತಸ್ಥನು ಹಣ್ಣು ಕಾಯಿ ಹಿಡಿದು ಸಾಹುಕಾರರ ಬಾಗಿಲಿಗೆ ಹೋಗುವುದು ಲೋಕದ ರೂಢಿ. ಇಲ್ಲಿ ನೊಂದವನೇ ಎದ್ದು ಬಂದು ಬಾಗಿಲು ತಟ್ಟಿದ್ದಾನೆ, ಖರ್ಚನ್ನೂ ತಾನೇ ಹೊತ್ತಿದ್ದಾನೆ.


ಗಂಗಾವತಿಯ ಪ್ರಶ್ನೆ

ಖರ್ಚು ಎಂದಿರಲ್ಲ, ಅಲ್ಲಿಯೇ ನನ್ನ ಕೊನೆಯ ತೊಡಕು. ಅಣ್ಣ ಬದು ಹಿಂದಕ್ಕೆ ಹಾಕಿ, ಐದನೆಯ ಒಂದು ಪಾಲು ಸೇರಿಸಿ ಕೊಟ್ಟನೆಂದುಕೊಳ್ಳೋಣ. ಮುಗಿಯಿತಲ್ಲ. ಶಿಲುಬೆ ಏಕೆ? ಒಬ್ಬ ನಿರಪರಾಧಿಯನ್ನು ಇನ್ನೊಬ್ಬನ ಬದಲಿಗೆ ಸಾಯಿಸುವುದು ಯಾವ ನ್ಯಾಯ?


ಕೊಪ್ಪಳದ ವಕೀಲ

ನ್ಯಾಯಾಲಯದ ಮಟ್ಟಿಗೆ ಹೇಳುತ್ತೇನೆ. ದಂಡದ ಹಣವನ್ನು ಯಾರು ಕಟ್ಟಿದರೂ ರಸೀದಿ ಕೊಡುತ್ತಾರೆ. ಜೈಲಿಗೆ ಬದಲಿ ಆಳು ಕಳುಹಿಸುವಂತಿಲ್ಲ. ನಡುವೆ ಜಾಮೀನುದಾರ ಎಂಬ ಒಬ್ಬ ಪ್ರಾಣಿ ಇದ್ದಾನೆ. ಸೊಸೈಟಿ ಸಾಲಕ್ಕೆ ಜಾಮೀನು ನಿಂತು ತನ್ನ ಹೊಲ ಹರಾಜಿಗೆ ಬಂದವರ ಕೇಸು ನನ್ನ ಬಳಿ ಈಗಲೂ ಎರಡಿವೆ. ಅವರಿಗೆ ಅನ್ಯಾಯವಾಯಿತು ಎನ್ನಬಹುದು, ಆದರೆ ಯಾರೂ ಅವರನ್ನು ಎಳೆದು ತಂದಿರಲಿಲ್ಲ. ತಾವಾಗಿಯೇ ಸಹಿ ಹಾಕಿದ್ದರು.


ಹಳೆಯ ಮಾಸ್ತರ, ರಾಯಚೂರು

ಇಬ್ರಿಯರಿಗೆ ಬರೆದ ಪತ್ರಿಕೆ ಯೇಸುವನ್ನು ಹೊಣೆಗಾರ ಎಂದೇ ಕರೆಯುತ್ತದೆ. ಉಳಿದಂತೆ, ಶಿಲುಬೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕ್ರೈಸ್ತ ಸಭೆ ಒಂದೇ ವಿವರಣೆಗೆ ಮುದ್ರೆ ಒತ್ತಿಲ್ಲ. ಮೊದಲ ಶತಮಾನಗಳವರು ಸೈತಾನನ ಸೆರೆಯಿಂದ ಬಿಡಿಸಿದ ಈಡು ಎಂದರು. 1098ರ ಹೊತ್ತಿಗೆ ದೈವಶಾಸ್ತ್ರಜ್ಞ ಆನ್ಸೆಲ್ಮ್ ದೇವರ ಗೌರವಕ್ಕೆ ಬಂದ ಕುಂದನ್ನು ತುಂಬಿಕೊಟ್ಟದ್ದು ಎಂದರು, ಅವರ ಕಾಲದ ಜಹಗೀರುದಾರಿ ವ್ಯವಸ್ಥೆ ಆ ವಾದದ ತುಂಬ ಕಾಣುತ್ತದೆ. ಅವರ ನಂತರದ ಅಬೆಲಾರ್ಡ್, ಆ ಪ್ರೀತಿಯನ್ನು ಕಂಡು ನಮ್ಮ ಎದೆ ಕರಗುವುದೇ ವಿಮೋಚನೆ ಎಂದರು. ನಮ್ಮ ಬದಲಿಗೆ ಶಿಕ್ಷೆ ಉಂಡ ಎಂಬುದು ಪ್ರೊಟೆಸ್ಟಂಟ್ ಸುಧಾರಣೆಯ ಕಾಲದಲ್ಲಿ ಬಲಗೊಂಡದ್ದು. ಕ್ರೈಸ್ತರ ಹಳೆಯ ನಂಬಿಕೆಯ ಘೋಷಣೆಯಾದ ನೈಸಿಯಾ ವಿಶ್ವಾಸಪ್ರಮಾಣ "ನಮಗೋಸ್ಕರ" ಎಂದಷ್ಟೇ ಹೇಳಿ ನಿಲ್ಲುತ್ತದೆ. ನಾನೂ ವಯಸ್ಸಾದಂತೆ ಅಲ್ಲಿಯೇ ನಿಲ್ಲುವುದನ್ನು ಕಲಿತಿದ್ದೇನೆ.


ಮುದಗಲ್ಲಿನ ಮಗಳು

ಗಂಗಾವತಿ ಅಣ್ಣ, ಹಿಂದಿರುಗಿಸಬಹುದಾದದ್ದನ್ನು ಹಿಂದಿರುಗಿಸಿದರೆ ಮುಗಿಯಿತು ಎಂದಿರಿ. ಹಿಂದಿರುಗಿಸಲಾಗದ್ದು?

ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದರು. ನಾಲ್ಕು ವರ್ಷ ನಾನೇ ನೋಡಿಕೊಂಡೆ. ಊರೆಲ್ಲ ನನ್ನನ್ನು ಹೊಗಳಿತು. ಒಂದು ಮಧ್ಯಾಹ್ನ, ಮೂರನೆಯ ಸಲ ಬಟ್ಟೆ ಬದಲಿಸುವಾಗ, "ಇನ್ನೂ ಎಷ್ಟು ದಿನ?" ಎಂದುಬಿಟ್ಟೆ. ಅವರಿಗೆ ಕೇಳಿಸಿತು. ಅಂದಿನಿಂದ ಅವರು ನೀರು ಕೇಳುವುದನ್ನು ಕಡಿಮೆ ಮಾಡಿದರು, ಪದೇ ಪದೇ ಬಟ್ಟೆ ಒದ್ದೆಯಾಗಬಾರದೆಂದು. ನನಗೆ ಅದು ಅರ್ಥವಾಗಲು ಎರಡು ವಾರ ಬೇಕಾಯಿತು. ಕ್ಷಮೆ ಕೇಳಬೇಕು ಎಂದುಕೊಳ್ಳುತ್ತಿ‍ದ್ದಾಗಲೇ ಮಾತು ನಿಂತಿತು, ಆಮೇಲೆ ಉಸಿರೂ ನಿಂತಿತು.

ಆ ವರ್ಷದ ತಪಸ್ಸು ಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಗುರುಗಳ ಮುಂದೆ ಪಾಪನಿವೇದನೆಗೆ ಹೋದೆ. ವರ್ಷಕ್ಕೊಮ್ಮೆಯಾದರೂ ಹೋಗಬೇಕು ಎಂಬುದು 1215ರ ಲ್ಯಾಟೆರನ್ ಮಹಾಸಭೆಯ ಕಟ್ಟಳೆ. ನಾನೂ ಆವರೆಗೆ ಕಟ್ಟಳೆಗೆಂದೇ ಹೋಗುತ್ತಿದ್ದವಳು. ಸುಳ್ಳು, ಸಿಟ್ಟು, ಪೂಜೆ ತಪ್ಪಿಸಿದ್ದು, ಅದೇ ಹಳೆಯ ಪಟ್ಟಿ. ಆ ದಿನ ಪಟ್ಟಿ ಹೇಳಲಾಗಲಿಲ್ಲ. ಫಾದರ್ ನನಗೆ ಪ್ರಾರ್ಥನೆ ಎಣಿಸಿ ಕೊಡಲಿಲ್ಲ. ನಿಮ್ಮ ಓಣಿಯಲ್ಲಿ ಹಾಸಿಗೆ ಹಿಡಿದವರು ಯಾರಿದ್ದಾರೆ ಎಂದು ಕೇಳಿದರು. ಒಬ್ಬ ಮುದುಕಿ ಇದ್ದರು, ಮುಸ್ಲಿಮರು. ಈಸ್ಟರ್ ತನಕ ದಿನವೂ ಅವರಿಗೆ ನೀರು ಕುಡಿಸಿ ಬನ್ನಿ ಎಂದರು. ಅದು ಅತ್ತೆಗೆ ತಲುಪಿತೇ? ಗೊತ್ತಿಲ್ಲ. ತಲುಪಿಸಬಲ್ಲವನು ಒಬ್ಬನಿದ್ದಾನೆ ಎಂಬುದು ನನ್ನ ವಿಶ್ವಾಸ. ಶಿಲುಬೆ ಏಕೆ ಎಂದು ನೀವು ಕೇಳಿದ್ದಕ್ಕೆ ನನ್ನ ಬಳಿ ಇರುವುದು ಇಷ್ಟೇ, ವಾದ ಮಾಡಲು ಬರುವುದಿಲ್ಲ.


ನಡುಗಾಲುವೆ, ಸಿಂಧನೂರು ತಾಲ್ಲೂಕು

ಎರಡು ದಿನ ಇಲ್ಲಿಗೆ ಬರಲಿಲ್ಲ. ಕಾರಣ ಹೇಳುತ್ತೇನೆ.

ಮಾಸ್ತರರು ಬರೆದ ಗಡಿಕಲ್ಲಿನ ಶಾಪವನ್ನು ಮನೆಯಲ್ಲಿ ಜೋರಾಗಿ ಓದಿದೆ, ಅಣ್ಣನಿಗೆ ತೋರಿಸಬೇಕು ಎಂದೆ. ನನ್ನ ಹೆಂಡತಿ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತದೆ, "ಹಾಗೆಯೇ ಪಂಪ್‌ಸೆಟ್ಟಿನ ಬಗ್ಗೆ ಏನಾದರೂ ಬರೆದಿದ್ದಾರೆಯೇ ನೋಡಿ" ಎಂದಳು.

ಬೇಸಿಗೆಯ ಬೆಳೆಗೆ ನೀರು ಸಾಲದ ವರ್ಷಗಳಲ್ಲಿ ನಾನು ರಾತ್ರಿ ಕಾಲುವೆಗೆ ಪಂಪು ಇಳಿಸುತ್ತೇನೆ. ನಮ್ಮ ಸುತ್ತಿನವರೆಲ್ಲರೂ ಇಳಿಸುತ್ತಾರೆ. ಕಾಲುವೆಯ ಕೊನೆ ಭಾಗದವರು ಪ್ರತಿ ವರ್ಷ ರಸ್ತೆ ತಡೆ ಮಾಡುತ್ತಾರೆ, ಪತ್ರಿಕೆಯಲ್ಲಿ ಬರುತ್ತದೆ. ಅವರ ಭತ್ತ ತೆನೆ ಕಟ್ಟುವ ಹೊತ್ತಿಗೆ ಒಣಗಿದ್ದನ್ನು ಒಂದು ಸಲ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಕಿಟಕಿ ಮುಚ್ಚಿಕೊಂಡೆ, ಬಿಸಿಗಾಳಿ ಎಂದು. ನೆಲವನ್ನಾದರೂ ಅಳೆದು ವಾಪಸ್ಸು ಕೊಡಬಹುದು. ಹರಿದ ನೀರಿಗೆ ಐದನೆಯ ಒಂದು ಪಾಲು ಎಷ್ಟಾಗುತ್ತದೆ, ಅದನ್ನು ಯಾರ ಕೈಗೆ ಕೊಡಬೇಕು?

ಅಣ್ಣನ ಬಳಿ ಹೋದೆ, ಶಾಪದ ಪುಟ ತೋರಿಸಲಿಲ್ಲ. ಪಂಪಿನ ಮಾತು ಹೇಳಿದೆ. ಅವನದೂ ಒಂದು ಪಂಪು ಇದೆ. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಎದ್ದು ಹೊರಡುವಾಗ, ಕೊಯ್ಲು ಮುಗಿಯಲಿ, ಭೂಮಾಪಕರಿಗೆ ಅರ್ಜಿ ಕೊಡೋಣ ಎಂದ. ಕೊಡುತ್ತಾನೋ ಇಲ್ಲವೋ, ಕೊಯ್ಲಿನ ನಂತರ ಗೊತ್ತಾಗುತ್ತದೆ. ಅತ್ತಿಗೆ ಮಜ್ಜಿಗೆ ಕೊಟ್ಟರು.


ಜಯಧ್ವನಿ, ಸಿರುಗುಪ್ಪ

ಯಜಮಾನರೇ, ಚುಕ್ತಾ ಎಂದದ್ದು ನನ್ನ ಆತುರ. ಮನಸ್ಸಿಗೆ ನೋವಾಗಿದ್ದರೆ ಕ್ಷಮಿಸಿ. ಶಿಲುಬೆಯ ಮೇಲಿನ ಕಳ್ಳನಿಗೆ ಕೈ ಕಾಲು ಕಟ್ಟಿತ್ತು, ಹಿಂದಿರುಗಿಸಲು ಸಮಯವಿರಲಿಲ್ಲ. ತೆರಿಗೆ ವಸೂಲಿಯ ಜಕ್ಕಾಯನಿಗೆ ಸಮಯವಿತ್ತು, ನಾಲ್ಕರಷ್ಟು ಕೊಡುತ್ತೇನೆ ಎಂದ. ಇಬ್ಬರನ್ನೂ ಒಟ್ಟಿಗೆ ಓದಬೇಕಿತ್ತು.


ಕೋಟೆ ನೆರಳು, ಬಳ್ಳಾರಿ

ಎಲ್ಲವನ್ನೂ ಓದಿದೆ. ಗೆಳೆಯನಿಗೂ ಓದಲು ಕೊಟ್ಟೆ. ಇಷ್ಟಾದ ಮೇಲೆ ನೇರವಾಗಿ ಅಜ್ಜಿಯನ್ನೇ ಕೇಳಬಹುದಿತ್ತಲ್ಲ ಎಂದ. ಹೌದಲ್ಲ ಎನ್ನಿಸಿತು.

ನಿನ್ನೆ ರಾತ್ರಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೇಳಿದೆ. "ಅಜ್ಜಿ, ಶುಭ ಶುಕ್ರವಾರ ಏಕೆ ಅತ್ತೆ? ನೀನು ಮಾಡಿದ ಪಾಪವಾದರೂ ಯಾವುದು?"

ಅಜ್ಜಿ ನಕ್ಕಳು. "ನಿನಗೇಕೆ ಹೇಳಲಿ? ನೀನೇನು ಪಾದ್ರಿಯೇ? ಎಡಗಾಲು ಆಯಿತು, ಬಲಗಾಲು ತಿಕ್ಕು."

ತಿಕ್ಕಿದೆ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ, "ಈ ಭಾನುವಾರ ಆರಾಧನೆಗೆ ಬೇಡ, ಕಂಪ್ಲಿಗೆ ಕರೆದುಕೊಂಡು ಹೋಗು" ಎಂದಳು. ಕಂಪ್ಲಿಯಲ್ಲಿ ನಮಗೆ ಯಾರಿದ್ದಾರೆ ಎಂದು ಕೇಳಿದೆ. ಅಪ್ಪನನ್ನೂ ಕೇಳಿದೆ, ಅವರಿಗೂ ಗೊತ್ತಿಲ್ಲ. "ಇದ್ದಾಳೆ" ಎಂದಷ್ಟೇ ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು. ಬೆಳಿಗ್ಗೆ ನೋಡಿದರೆ ಪೆಟ್ಟಿಗೆಯಿಂದ ಒಂದು ಹೊಸ ಸೀರೆ ತೆಗೆದಿಟ್ಟಿದ್ದಾಳೆ. ಅವಳು ಉಡುವ ಬಣ್ಣವಲ್ಲ.

ಕುರುಗೋಡು ಮೇಲೆ ಹೋಗುವ ಬಸ್ಸಿನಲ್ಲಿ ಬರುತ್ತೇವೆ. ಆ ಕಡೆಯವರು ಯಾರಾದರೂ ಇದ್ದರೆ ಹೇಳಿ, ನಿಲ್ದಾಣದಲ್ಲಿ ಆಟೊಗಳು ಸಿಗುತ್ತವೆಯೇ? ಬಸ್ಸಿನ ಮೆಟ್ಟಿಲು ಅವಳಿಗೆ ಎತ್ತರವಾಗುತ್ತದೆ. ಗೆಳೆಯನಿಗೆ ಭಾನುವಾರ ಮದುವೆ ಕೆಲಸವಿದೆಯಂತೆ.


ಗಂಗಾವತಿಯ ಪ್ರಶ್ನೆ

ಕಂಪ್ಲಿ ಸೇತುವೆ ದಾಟಿದರೆ ನಮ್ಮ ತಾಲ್ಲೂಕು. ಬಸ್ಸು ಹೊರಟಾಗ ಇಲ್ಲಿಯೇ ಒಂದು ಸಾಲು ಬರೆಯಿರಿ, ನಿಲ್ದಾಣದಲ್ಲಿರುತ್ತೇನೆ. ಅಜ್ಜಿಯನ್ನು ಇಳಿಸಿಕೊಳ್ಳಲು ಇನ್ನೊಂದು ಕೈ ಬೇಕಲ್ಲ.